ಕಂಬದ ಆಚೆ ಬದಿ

"ಒಳಕ್ಕೋ ಹೊರಕ್ಕೋ ಬೇಗ ಹೇಳ್ರಪ್ಪಾ, ತೋಳು ಸೋಲ್ತಾ ಐತೆ," ಎಂದ ರೇವಣಪ್ಪ.

ಅವನೂ ಇನ್ನೂ ಮೂವರೂ ಹಿಡಿದಿದ್ದ ಹಲಗೆಯ ಮೇಲೆ ಕರಿಬಸಮ್ಮ ಕೂತಿದ್ದಳು. ಬೆಳಗಿನ ಜಾವ ತೀರಿಕೊಂಡವಳನ್ನು ಹಿತ್ತಲಲ್ಲಿ ಮೀಯಿಸಿ, ಹಣೆತುಂಬ ವಿಭೂತಿ ಬಳಿದು, ಕುಲದ ಪದ್ಧತಿಯಂತೆ ಚಕ್ಕಳಮಕ್ಕಳ ಕೂರಿಸಿ, ನಡುಮನೆ ದಾಟಿಸಿ ತಲೆಬಾಗಿಲವರೆಗೆ ತಂದಿದ್ದರು. ಅಲ್ಲಿ ಹಲಗೆ ನಿಂತುಬಿಟ್ಟಿತ್ತು. ಅರ್ಧ ಒಳಗೆ, ಅರ್ಧ ಹೊರಗೆ. ಕೆಳಗಿಳಿಸೋಣವೆಂದರೆ ಕೆಳಗಿರುವುದು ಹೊಸ್ತಿಲು. ಬದುಕಿದ್ದವರೇ ಅದರ ಮೇಲೆ ಕೂರಬಾರದು.

"ಯಾರ್ಲಾ ಇಲ್ಲೀಗಂಟ ತಂದೋರು? ನಡುಮನೆಯಾಗೆ ಗೋಡೆ ಇಲ್ವಾ?" ಅಂಗಳದಿಂದ ಸಿದ್ದಪ್ಪ ಗದರಿದ. ಸತ್ತವಳ ಭಾವ; ಇಬ್ಬರು ಅಣ್ಣತಮ್ಮಂದಿರ ಆ ಕೂಡುಮನೆಯ ಯಜಮಾನ.

"ಮುಂದಕ್ಕೆ ತನ್ನಿ ಅಂತ ಈರಭದ್ರಣ್ಣನೇ ಅಂದ."

ಸತ್ತವಳ ಗಂಡ ಈರಭದ್ರಪ್ಪ ಬಾಗಿಲ ಒಳಬದಿಯಲ್ಲಿ ನಿಂತು ತನ್ನ ಕಾಲಬೆರಳು ನೋಡುತ್ತಿದ್ದ.

ಆ ಊರಲ್ಲಿ ಗಂಡಸು ಸತ್ತರೆ ಮನೆಮುಂದಿನ ಜಗಲಿಯ ಮೇಲೆ ಕೂರಿಸುತ್ತಿದ್ದರು. ಬಂದವರು ಅಂಗಳದಿಂದಲೇ ನೋಡಿ ಕೈಮುಗಿಯುತ್ತಿದ್ದರು. ಹೆಂಗಸು ಸತ್ತರೆ ನಡುಮನೆಯ ಗೋಡೆಗೆ ಒರಗಿಸುತ್ತಿದ್ದರು. ನೋಡುವವರು ತಲೆ ಬಗ್ಗಿಸಿ ಒಳಹೊಕ್ಕು, ಕತ್ತಲೆಗೆ ಕಣ್ಣು ಹೊಂದಿದ ಮೇಲೆ ಅಳಬೇಕಿತ್ತು. ಇದನ್ನು ಯಾರೂ ನಿಯಮ ಅಂದಿರಲಿಲ್ಲ. ಅನ್ನುವ ಪ್ರಮೇಯವೇ ಬಂದಿರಲಿಲ್ಲ.

"ಹೆಣ್ಣು ಹೆಣ ಜಗಲಿ ಮೇಲೆ ಕೂರ್ಸಿದ ಮನೆ ಈ ಊರಾಗೆ ಒಂದು ತೋರ್ಸು ನೋಡಾನ," ಎಂದ ಸಿದ್ದಪ್ಪ. "ಎಲ್ಲಾ ಆ ಮೈಸೂರ್ ಹುಡುಗಿ ಬಂದು ಹಚ್ಚಿದ ಬೆಂಕಿ."

* * *

ಮೈಸೂರಿನ ಹುಡುಗಿ ಮಲ್ಲಿಕಾಂಬ ಬಂದದ್ದು ಅರವತ್ತೊಂದರ ಸುಗ್ಗಿ ಮುಗಿದ ಮೇಲೆ. ಅಜ್ಜಂಪುರದಲ್ಲಿ ರೈಲಿಳಿದು ಎತ್ತಿನಗಾಡಿಯಲ್ಲಿ ಬಂದಿದ್ದಳು. ಯೂನಿವರ್ಸಿಟಿಯಲ್ಲಿ ಓದುತ್ತಿದ್ದಳು, ಹಳ್ಳಿಯ ಹೆಂಗಸರ ಮನಸ್ಸಿನ ಆರೋಗ್ಯದ ಮೇಲೆ ರಿಸರ್ಚ್. ಮನಸ್ಸಿಗೂ ಆರೋಗ್ಯ ಅಂತ ಒಂದಿದೆ ಎಂಬುದು ಊರಿಗೆ ಹೊಸ ಸುದ್ದಿ. ಕೆಲವರು ಅವಳನ್ನು ನರ್ಸಮ್ಮ ಅಂದುಕೊಂಡು ನಾಲಿಗೆ ಚಾಚಿ ತೋರಿಸಿದರು.

ಸಿದ್ದಪ್ಪ ಜಗಲಿಯ ಮೇಲೆ ಕಂಬಳಿ ಹಾಸಿ ಕೂರಿಸಿದ. ತಾನೂ ಕೂತ. ಅವನ ಹೆಂಡತಿ ಅಂಬಮ್ಮ, ಓರಗಿತ್ತಿ ಕರಿಬಸಮ್ಮ ಇಬ್ಬರೂ ಬಾಗಿಲ ಹಿಂದೆ ನಿಂತರು. ಪ್ರಶ್ನೆಗಳು ಅವರಿಗೆ.

"ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಾ ಅಮ್ಮಾ?"

"ಬತ್ತದೆ," ಎಂದ ಸಿದ್ದಪ್ಪ.

"ನಾನು ಅವರನ್ನ ಕೇಳಿದ್ದು."

"ಅವ್ರಿಗೇ ಬತ್ತದೆ ಅಂದಿದ್ದು. ನಂಗೆಲ್ಲಿ ಬಂತು, ಇವ್ಳ ಗೊರಕೇಲಿ!"

"ಮನಸ್ಸಿಗೆ ಬೇಜಾರಾಗೋದು, ಕಾರಣ ಇಲ್ಲದೆ ಅಳು ಬರೋದು?"

"ನಮ್ಮನೇಲಿ ಬೇಜಾರಾಗಕ್ಕೆ ಏನೈತವ್ವಾ? ಎರಡು ಎಮ್ಮೆ ಕರೀತವೆ."

ಮಲ್ಲಿಕಾಂಬ ಬರೆದುಕೊಂಡಳು, ಬಹುಶಃ ಎಮ್ಮೆಯನ್ನು. ಆಮೇಲೆ ಬಾಗಿಲತ್ತ ನೋಡಿದಳು. ಎರಡು ಹಣೆಗಳಿಗೂ ಬಿಗಿಯಾಗಿ ಬಟ್ಟೆ ಕಟ್ಟಿತ್ತು.

"ತಲೆನೋವಾ?"

"ಹೂನವ್ವಾ, ಮಧ್ಯಾಹ್ನ ಆದ್ರೆ ಬತ್ತದೆ," ಎಂದಳು ಅಂಬಮ್ಮ. "ನಂಗೆ ಬಂದ್ರೆ ಇವ್ಳು ಶುಂಠಿ ತೇಯ್ತಾಳೆ, ಇವ್ಳಿಗೆ ಬಂದ್ರೆ ನಾನು."

"ಇಬ್ಬರಿಗೂ ಬಂದರೆ?"

"ಇಬ್ರೂ ತೇಯ್ತೀವಿ."

ಹುಡುಗಿ ಕಾಗದ ಮಡಿಚಿದಳು. ಅದರಲ್ಲಿ ಇಲ್ಲದ ಪ್ರಶ್ನೆ ಕೇಳಿದಳು. "ಅಕ್ಕಾ, ಈ ಮನೇಲಿ ನೀವು ಕೂರೋ ಜಾಗ ಯಾವುದು?"

"ಒಲೆ ಮುಂದೆ ಕೂರ್ತೀನಿ," ಎಂದಳು ಕರಿಬಸಮ್ಮ.

"ಅದು ಅಡುಗೆಗೆ. ಸುಮ್ಮನೆ ಕೂರೋದು ಎಲ್ಲಿ?"

ಕರಿಬಸಮ್ಮ ತಿರುಗಿ ಮನೆಯೊಳಗೆ ನೋಡಿದಳು, ಏನೋ ಇಟ್ಟು ಮರೆತವಳ ಹಾಗೆ. ಬೀಸುವ ಕಲ್ಲು, ಒರಳು, ಕೊಟ್ಟಿಗೆಯ ಬಾಗಿಲು.

"ಬನ್ನಿ, ಇಲ್ಲೇ ಕೂತ್ಕೊಳ್ಳಿ," ಎಂದು ಹುಡುಗಿ ಕಂಬಳಿ ತಟ್ಟಿದಳು. ಇಬ್ಬರೂ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತ ಒಳಗೆ ಓಡಿದರು.

"ಇದಕ್ಕೇನಂತ ಬರ್ಕೊಂಡೆ?" ಸಿದ್ದಪ್ಪನಿಗೆ ಕುತೂಹಲ.

"ಉತ್ತರ ಬರಲಿಲ್ಲ ಅಂತ."

ಉತ್ತರ ಬಂದದ್ದು ಯುಗಾದಿ ಕಳೆದ ಮೇಲೆ. ಆಗ ಬರೆದುಕೊಳ್ಳುವವರು ಇರಲಿಲ್ಲ. ಒಂದು ಮಧ್ಯಾಹ್ನ ಕರಿಬಸಮ್ಮ ಪಾತ್ರೆ ಬೆಳಗಿ ಕೈಯೊರೆಸಿಕೊಂಡು ಹೊರಬಂದು, ಜಗಲಿಯ ಮೂಡಣ ತುದಿಯಲ್ಲಿ, ಕಂಬದ ಆಚೆ ಬದಿಗೆ ಕೂತಳು. ಅವರೆ ಸುಲಿಯಲಿಲ್ಲ, ಬತ್ತಿ ಹೊಸೆಯಲಿಲ್ಲ. ಸುಮ್ಮನೆ ಕೂತಳು. ಅಲ್ಲಿಂದ ರಸ್ತೆ ಕಾಣುತ್ತಿತ್ತು, ತೆಂಗಿನ ತೋಟ ಕಾಣುತ್ತಿತ್ತು, ಅದರಾಚೆ ಬೀರೂರಿನಿಂದ ಬರುವ ರೈಲಿನ ಹೊಗೆ ಕಾಣುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಆ ರೈಲಿನ ಸದ್ದು ಕೇಳಿದ್ದಳು. ಹೊಗೆ ಯಾವ ಕಡೆಗೆ ಬಾಗುತ್ತದೆ ಎಂದು ನೋಡಿರಲಿಲ್ಲ.

ಹೊಲದಿಂದ ಬಂದ ಈರಭದ್ರಪ್ಪ ಅಂಗಳದಲ್ಲೇ ನಿಂತ. ಅವಳು ಏಳಲಿಲ್ಲ. ಅವನು ಒಳಗೆ ಹೋಗಿ ತಾನೇ ನೀರು ಕುಡಿದು ಬಂದು, ಕಂಬದ ಈಚೆ ಬದಿಗೆ ಕೂತ.

"ರೈಲು ಇವತ್ತು ತಡ," ಎಂದಳು ಅವಳು.

"ಹೂಂ," ಎಂದ ಅವನು.

ಸಂಜೆ ಸಿದ್ದಪ್ಪ ತಮ್ಮನನ್ನು ಕೊಟ್ಟಿಗೆಗೆ ಕರೆದ. "ಇದೇನ್ಲಾ ಇದು? ನಿನ್ನ ಹೆಂಡ್ತಿಗೆ ಹೇಳು."

"ಹೇಳ್ತೀನಣ್ಣ."

ಈರಭದ್ರಪ್ಪ ಅಣ್ಣನಿಗೆ ಎಂದೂ ಎದುರಾಡಿದವನಲ್ಲ. ಮರುದಿನವೂ ಹೇಳ್ತೀನಣ್ಣ ಅಂದ. ಮಳೆಗಾಲದಲ್ಲೂ ಅಂದ, ಮುಂದಿನ ಸುಗ್ಗಿಯಲ್ಲೂ ಅಂದ. ವರ್ಷಗಳೇ ಹೇಳ್ತೀನಣ್ಣದಲ್ಲಿ ಕಳೆದವು. ಅಂಬಮ್ಮನಂತೂ ಒಳಗಿನಿಂದಲೇ ದಿನಾ ಕೂಗುತ್ತಿದ್ದಳು: "ಏನಮ್ಮಾ, ಶಾನುಭೋಗರ ಕಛೇರಿ ಮುಗೀತಾ?" ಕರಿಬಸಮ್ಮ ನಕ್ಕು, "ಇನ್ನೊಂದ್ ಚೂರೈತೆ ಕಣಕ್ಕಾ," ಅನ್ನುತ್ತಿದ್ದಳು. ಒಂದು ಸಂಗತಿ ಮಾತ್ರ ಯಾರೂ ಬಾಯಿಬಿಟ್ಟು ಆಡಲಿಲ್ಲ: ಶುಂಠಿ ಈಗ ಅಂಬಮ್ಮನ ಹಣೆಯೊಂದಕ್ಕೇ ಬೇಕಾಗುತ್ತಿತ್ತು.

* * *

"ಅಯ್ನೋರೇ, ನೀವಾರ ಹೇಳಿ," ಎಂದು ಸಿದ್ದಪ್ಪ ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರ ಕಡೆ ತಿರುಗಿದ.

ಅಯ್ಯನವರು ವಿಭೂತಿಯ ಗಟ್ಟಿಯನ್ನು ಅತ್ತಿತ್ತ ತಿರುಗಿಸಿದರು. ಸಿದ್ದಪ್ಪನ ಮನೆಯ ರಾಗಿಯೂ ಬೇಕು, ಅವನ ತಮ್ಮನ ದುಃಖವೂ ಕಾಣುತ್ತಿದೆ. "ಕೂರಿಸಬೇಕು ಅನ್ನೋದು ಉಂಟು. ಇಂಥಲ್ಲೇ ಅನ್ನೋದು... ಅದು ಮನೆಯೋರಿಗೆ ಬಿಟ್ಟಿದ್ದು."

"ಮನೆಯೋರು ಅಂದ್ರೆ ನಾನೇ. ಲೇ ಈರಭದ್ರಾ, ಒಳಕ್ಕೆ ತಗೊಂಡೋಗಿ ಅಂತ ಹೇಳ್ಲಾ ಇವ್ರಿಗೆ."

ಎಲ್ಲರೂ ಈರಭದ್ರಪ್ಪನ ಬಾಯಿ ನೋಡಿದರು. ಆ ಬಾಯಲ್ಲಿ ಬರುವ ಮಾತು ಎಲ್ಲರಿಗೂ ಗೊತ್ತಿತ್ತು.

"ಹೇಳಲ್ಲಣ್ಣ," ಎಂದ ಅವನು.

ಮೆಲ್ಲಗೇ ಅಂದಿದ್ದ. ಅಂದು, ಹಲಗೆಯ ಪಕ್ಕದಲ್ಲಿ ನುಸುಳಿ ಹೊರಬಂದು, ಜಗಲಿಯ ಮೇಲೆ ತನ್ನ ಜಾಗದಲ್ಲಿ ಕೂತ. ಕಂಬದ ಆಚೆ ಬದಿ ಖಾಲಿ ಇತ್ತು.

"ಏನಂದೆ?" ಸಿದ್ದಪ್ಪನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

"ಅವ್ನು ಹೇಳಲ್ಲ ಅಂದ," ಎಂದು ಒಳಗಿನಿಂದ ಅಂಬಮ್ಮ ಬಿಡಿಸಿ ಹೇಳಿದಳು. ಹಲಗೆಯ ಹಿಂದೆ ನಿಂತು ಓರಗಿತ್ತಿಯ ಬೆನ್ನಿಗೆ ಕೈಯಾನಿಸಿಕೊಂಡಿದ್ದಳು. ಅವಳ ಹಣೆಯ ಮೇಲೆ ಬೆಳಗ್ಗೆ ಹಚ್ಚಿಕೊಂಡ ಶುಂಠಿಪಟ್ಟು ಒಣಗಿ ಬಿರಿದಿತ್ತು. "ಬದುಕಿದ್ದಾಗ ಎಬ್ಬಿಸಕ್ಕಾಗ್ಲಿಲ್ಲ ನಿಮ್ ಕೈಲಿ. ಸತ್ತ್ಮೇಲೆ ಎಬ್ಬಿಸ್ತೀರಾ?"

"ದಿನಾ ಅವ್ಳ್ನ ಆಡ್ಕೊಂತಿದ್ದೋಳು ನೀನೇ ಅಲ್ವೇನೇ?"

"ಹೂಂ, ಆಡ್ಕೊಂತಿದ್ದೆ. ಒಂದಿನಾನೂ ಎದ್ದು ಹೋಗ್ಲಿಲ್ಲ ಮುಂಡೇದು." ಅಂಬಮ್ಮ ಹಲಗೆ ಹಿಡಿದವರತ್ತ ತಿರುಗಿದಳು. "ರೇವಣಪ್ಪಾ, ನಡಿಯಪ್ಪಾ ಮುಂದಕ್ಕೆ. ನಿನ್ನ ತೋಳು ಬೇರೆ ಸೋತದೆ."

ರೇವಣಪ್ಪನಿಗೆ ಅಷ್ಟು ಸಾಕಾಗಿತ್ತು. ನ್ಯಾಯಕ್ಕಿಂತ ಅವನಿಗೆ ಭಾರದ ಚಿಂತೆ. ಹಲಗೆ ಹೊಸ್ತಿಲು ದಾಟಿತು.

ಮಧ್ಯಾಹ್ನದವರೆಗೆ ಕರಿಬಸಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಊರಿನ ಗಂಡಸರೆಲ್ಲ ಅಂಗಳದ ಬಿಸಿಲಲ್ಲಿ ಟವೆಲು ತಲೆಗೆ ಹಾಕಿಕೊಂಡು ನಿಂತರು. ತರೀಕೆರೆಯಿಂದ ಬಸ್ಸಿನಲ್ಲಿ ಬಂದ ಮಗಳು ಸಾವಿತ್ರಮ್ಮ ದೂರದಲ್ಲೇ ನೋಡಿ, "ಅಯ್ಯೋ, ಕೂತೈತಲ್ಲಾ ನಮ್ಮವ್ವ!" ಅಂದಳು. ಒಂದು ಗಳಿಗೆ ಸುಳ್ಳುಸುದ್ದಿ ಕಳಿಸಿದ್ದಾರೆ ಎಂದೇ ಅವಳಿಗನ್ನಿಸಿತಂತೆ.

ಮಣ್ಣು ಮಾಡುವುದಕ್ಕೆ ತೋಟದ ಮೂಲೆಯಲ್ಲಿ ಗುಣಿ ತೆಗೆದಿದ್ದರು. ಅಲ್ಲಿಗೆ ಹೆಂಗಸರು ಹೋಗುವ ಪದ್ಧತಿ ಇರಲಿಲ್ಲ. ಅವರು ಮನೆ ತೊಳೆಯಲು ಉಳಿದರು. ತೊಳೆದು, ಹೆಣ ಕೂತಿದ್ದ ಜಾಗದಲ್ಲಿ ದೀಪ ಹಚ್ಚಿಟ್ಟರು. ಮಣ್ಣಿಗೆ ಹೋದವರು ಮಿಂದು ಬಂದು ಆ ದೀಪ ನೋಡಬೇಕು. ಅಲ್ಲಿಯತನಕ ಅದು ಆರಬಾರದು, ಒಂಟಿಯಾಗಿ ಇರಲೂಬಾರದು. ಗಂಡಸಿನ ದೀಪಕ್ಕೆ ಮುದುಕನೊಬ್ಬ ಕಾವಲು ಕೂರುತ್ತಿದ್ದ, ಹೆಂಗಸಿನ ದೀಪಕ್ಕೆ ಹೆಂಗಸರು. ಇದುವರೆಗೆ ಸತ್ತ ಹೆಂಗಸರ ದೀಪವೆಲ್ಲ ನಡುಮನೆಯ ಕತ್ತಲಲ್ಲಿ ಉರಿದದ್ದರಿಂದ ಇದರಲ್ಲೊಂದು ತೊಡಕಿದೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಗಂಡಸರು ಒದ್ದೆ ಪಂಚೆಯಲ್ಲಿ ಮರಳಿದಾಗ ಜಗಲಿ ತುಂಬಿತ್ತು. ಕೇರಿಯ ಹೆಂಗಸರೆಲ್ಲ ಗಾಳಿಗೆ ಅಡ್ಡವಾಗಿ ದೀಪದ ಸುತ್ತ ಕೂತಿದ್ದರು. ಕಾಲು ಚಾಚಿದವರು, ಎಲೆಯಡಿಕೆ ಹಾಕಿಕೊಂಡವರು. ಈರಭದ್ರಪ್ಪನ ಜಾಗವೊಂದನ್ನು ಬಿಟ್ಟಿದ್ದರು. ಅವನು ದೀಪಕ್ಕೆ ಕೈಮುಗಿದು ಹೋಗಿ ಕೂತ. ಕಂಬದ ಆಚೆ ಬದಿಗೆ ಅಂಬಮ್ಮ ಇದ್ದಳು.

ಉಳಿದ ಗಂಡಸರು ಕೈಮುಗಿದ ಮೇಲೂ ಅಂಗಳದಲ್ಲೇ ನಿಂತರು. ಸಿದ್ದಪ್ಪ ಒದ್ದೆ ಪಂಚೆಯ ಅಂಚು ಹಿಂಡಿದ.

"ನೋಡಿದ್ದಾಯ್ತಲ್ಲ. ಇನ್ನೆಷ್ಟೊತ್ತೇ ಉರೀಬೇಕು ಅದು?"

"ಎಣ್ಣೆ ಇರೋಗಂಟ," ಎಂದಳು ಅಂಬಮ್ಮ. ಒಳಗಿನಿಂದ ಸಾವಿತ್ರಮ್ಮ ಎಣ್ಣೆಯ ಗಿಂಡಿ ಹಿಡಿದು ಬರುತ್ತಿದ್ದಳು.

ಸಿದ್ದಪ್ಪ ಅತ್ತಿತ್ತ ನೋಡಿ, ಅಂಗಳದಲ್ಲಿ ಬಿಚ್ಚಿಟ್ಟಿದ್ದ ಗಾಡಿಯ ನೊಗದ ಮೇಲೆ ಮೆಲ್ಲಗೆ ಕೂತ. ತೋಟದಾಚೆ ಬೀರೂರಿನ ರೈಲು ಕೂಗಿತು. ಅಂಬಮ್ಮ ಹಣೆಯ ಮೇಲಿನ ಶುಂಠಿಯ ಚಕ್ಕೆಯನ್ನು ಉಗುರಿನಿಂದ ಕೆರೆದು ಅಂಗಳಕ್ಕೆ ಉದುರಿಸಿ, ಹೊಗೆ ಯಾವ ಕಡೆಗೆ ಬಾಗುತ್ತದೆ ಎಂದು ಕತ್ತು ನೀಡಿ ನೋಡಿದಳು.