ಎಲಿಸೆಯೊನಿಗೊಂದು ದೋಷ ಬೇಕಾಗಿದೆ

ಎಲಿಸೆಯೊ ಬ್ರಿಟೊನಲ್ಲಿ ಯಾವ ದೋಷವೂ ಇರಲಿಲ್ಲ. ಆರ್ಲೋ ಟಿಬೆಟ್ಸ್‌ಗೆ ತಲೆನೋವಾಗಿದ್ದೇ ಅದು.

ಹ್ಯಾಸ್‌ಬ್ರುಕ್ ಟರ್ನಿಪ್ಸ್ ತಂಡಕ್ಕೆ ಆರ್ಲೋ ಕೋಚ್. ಗಡ್ಡೆ ತರಕಾರಿಯ ಹೆಸರಿಟ್ಟುಕೊಂಡ ತಂಡ. ಆಟದ ನಡುವೆ ಒಬ್ಬ ಟರ್ನಿಪ್ ವೇಷ ಹಾಕಿಕೊಂಡು ಮೈದಾನದ ಸುತ್ತ ಓಡುತ್ತಾನೆ, ಮಕ್ಕಳು ಅವನಿಗೆ ಕಡಲೆಕಾಯಿ ಎಸೆಯುತ್ತಾರೆ. ಬೇಸ್‌ಬಾಲಿನ ದೊಡ್ಡ ಲೀಗಿಗೆ ಇದು ಕೊನೆಯ ಮೆಟ್ಟಿಲು. ಹುಡುಗರು ಇಲ್ಲಿ ಬೇಯಬೇಕು, ಬೆಂದವರನ್ನು ಮೇಲಿನ ತಂಡದವರು ಎತ್ತಿಕೊಂಡು ಹೋಗಬೇಕು. ಡೊಮಿನಿಕನ್ ಗಣರಾಜ್ಯದಿಂದ ಬಂದ ಈ ಇಪ್ಪತ್ತೊಂದರ ಎಸೆತಗಾರ ಬರುವಾಗಲೇ ಬೆಂದಿದ್ದ. ಏಪ್ರಿಲ್‌ನ ಕೊರೆಯುವ ಚಳಿಯಲ್ಲೂ ಅವನು ಎಸೆದ ಚೆಂಡು ಬ್ಯಾಟು ಹಿಡಿದವರ ಕಣ್ಣಿಗೇ ಬೀಳುತ್ತಿರಲಿಲ್ಲ. ಬೀಸುತ್ತಿದ್ದರು, ಗಿರಕಿ ಹೊಡೆಯುತ್ತಿದ್ದರು, ಹೋಗಿ ಕೂರುತ್ತಿದ್ದರು. ಎದುರು ತಂಡದ ಒಬ್ಬ ಹಳಬನಂತೂ ಔಟಾದ ಮೇಲೆ ಹೆಲ್ಮೆಟ್ ತೆಗೆದು ಅವನಿಗೆ ಥ್ಯಾಂಕ್ಸ್ ಹೇಳಿ ಹೋದ.

ಮೇಲಿನ ತಂಡದ ಕಚೇರಿಯಿಂದ ಪ್ರೆಸ್ಟನ್ ಉಲ್ರಿಚ್ ಫೋನ್ ಮಾಡಿದ. ಯಾವ ಹುಡುಗ ಯಾವಾಗ ಮೇಲೆ ಬರಬೇಕೆಂದು ತೀರ್ಮಾನಿಸುವವನು ಇವನು. ಇನ್ನೂ ಮೂವತ್ತು ತುಂಬಿಲ್ಲ. ಕಸದ ಬುಟ್ಟಿಗೆ ಕಾಗದದ ಉಂಡೆ ಎಸೆದದ್ದು ಬಿಟ್ಟರೆ ಜೀವಮಾನದಲ್ಲಿ ಇನ್ನೇನನ್ನೂ ಎಸೆದವನಲ್ಲ, ಅದೂ ಹೊರಗೇ ಬೀಳುತ್ತಿತ್ತೆಂದು ಆರ್ಲೋನ ನಂಬಿಕೆ.

“ಹುಡುಗ ಹೆಂಗಿದಾನೆ?” ಎಂದ ಉಲ್ರಿಚ್.

“ಇವತ್ತೇ ಕರ್ಕೊಂಡು ಹೋಗಿ. ಕಲಿಸೋಕೆ ನನ್ನತ್ರ ಏನೂ ಉಳಿದಿಲ್ಲ.”

“ಅಯ್ಯೋ, ಹಂಗೆಲ್ಲ ಅನ್ಬೇಡಿ ಆರ್ಲೋ. ಏನಾದ್ರೂ ಒಂದು ಕೊರತೆ ಇದ್ದೇ ಇರುತ್ತೆ.”

“ಇಲ್ಲ ಸ್ವಾಮಿ.”

“ಹುಡುಕಿ.”

ವಿಷಯ ಏನೆಂದರೆ, ಆಟಗಾರ ದೊಡ್ಡ ಲೀಗಿನಲ್ಲಿ ಆರು ವರ್ಷ ಕಳೆದರೆ ಸ್ವತಂತ್ರ, ಯಾವ ತಂಡಕ್ಕೆ ಬೇಕಾದರೂ ಹೋಗಬಹುದು. ಆದರೆ ಋತುವಿನ ಮೊದಲ ಕೆಲವು ವಾರ ಅವನನ್ನು ಕೆಳಗೇ ಕೂರಿಸಿಬಿಟ್ಟರೆ ಆ ವರ್ಷ ಲೆಕ್ಕಕ್ಕೇ ಬರುವುದಿಲ್ಲ. ತಂಡದವರಿಗೆ ಹುಡುಗ ಇನ್ನೊಂದು ವರ್ಷ ಹೆಚ್ಚಿಗೆ ಸಿಕ್ಕಂತಾಯಿತು. ಇದು ಎಲ್ಲರಿಗೂ ಗೊತ್ತು, ಟರ್ನಿಪ್ ವೇಷದವನಿಗೂ ಗೊತ್ತು. ಆದರೆ ಯಾರಾದರೂ ಬಾಯಿಬಿಟ್ಟು ಹೇಳಿದರೆ ಆಟಗಾರರ ಸಂಘ ಕೊರಳಪಟ್ಟಿ ಹಿಡಿಯುತ್ತದೆ. ಅದಕ್ಕೇ ಹುಡುಗ ಇನ್ನೂ ಕಲಿಯುವುದಿದೆ ಅನ್ನಬೇಕು, ಕಲಿಯುವುದೇನೆಂದು ಕೋಚ್ ಹುಡುಕಿ ಕೊಡಬೇಕು. ಆರ್ಲೋನಿಗೆ ಮೈಯೆಲ್ಲ ಉರಿಯಿತು. ಎಸೆತಗಾರನ ಮೊಣಕೈ ಯಾವತ್ತು ಕೈಕೊಡುತ್ತದೋ ಹೇಳಲಾಗದು. ಅಂಥ ಕೈಯನ್ನು ಇಲ್ಲಿ ಟರ್ನಿಪ್ ಕುಣಿತ ನೋಡಲು ಬಂದ ಮಕ್ಕಳ ಮುಂದೆ ಸವೆಸುವುದೆಂದರೆ! ಆದರೂ ಅವನಿಗೆ ನೌಕರಿ ಬೇಕಿತ್ತು. ಹುಡುಕಿದ.

“ಮಗಾ,” ಎಂದ ಮರುದಿನ, “ಕೆಲವರು ಬ್ಯಾಟು ಸುಮ್ನೆ ಅಡ್ಡ ಹಿಡಿದು ಚೆಂಡನ್ನ ಕಾಲಬುಡದಲ್ಲೇ ಉರುಳಿಸಿಬಿಡ್ತಾರಲ್ಲ, ಅದನ್ನ ಓಡಿಬಂದು ಎತ್ತೋದ್ರಲ್ಲಿ ನೀನು ಸ್ವಲ್ಪ ನಿಧಾನ. ಅಂತಾರೆ ಮೇಲಿನವರು.”

“ಹೌದಾ ಕೋಚ್?” ಎಲಿಸೆಯೊನ ಮುಖ ಸಣ್ಣದಾಯಿತು. “ನನ್ನ ಮುಂದೆ ಇಲ್ಲೀತನಕ ಯಾರೂ ಹಂಗೆ ಆಡೇ ಇಲ್ವಲ್ಲ?”

“ಅದಕ್ಕೇ ಗೊತ್ತಾಗಿಲ್ಲ ಕಣೋ.”

ಅಂದಿನಿಂದ ಆ ಹುಡುಗ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಉರುಳುವ ಚೆಂಡುಗಳನ್ನು ಎತ್ತತೊಡಗಿದ. ಬಲಕ್ಕೆ ಉರುಳಿದ್ದು, ಎಡಕ್ಕೆ ಉರುಳಿದ್ದು, ಕೆಸರಲ್ಲಿ ಹೂತದ್ದು. ಚೆಂಡು ಉರುಳಿಸುವವರು ಯಾರೂ ಸಿಗದಾಗ ಟರ್ನಿಪ್ ವೇಷದವನನ್ನೇ ಗೋಗರೆದು ಕರೆತಂದ. ಒಂದು ವಾರಕ್ಕೆಲ್ಲ ಹಿಂದಕ್ಕೆ ತಿರುಗಿ ನಿಂತೂ ಎತ್ತುತ್ತಿದ್ದ.

“ಸರಿಹೋಯ್ತು,” ಎಂದ ಆರ್ಲೋ ಫೋನಿನಲ್ಲಿ.

“ಇಷ್ಟು ಬೇಗನಾ?” ಉಲ್ರಿಚ್‌ನಿಗೆ ನಿಜಕ್ಕೂ ಬೇಸರವಾಯಿತು. “ಚೆಂಡು ಎಸೆಯೋ ದಿಬ್ಬದ ಮೇಲೆ ನಿಂತ್ಕೊಂಡು ತುಂಬ ನಗ್ತಾನಲ್ಲ ಅವನು. ಗಾಂಭೀರ್ಯ ಸಾಲದು.”

ಎಲಿಸೆಯೊ ನಗುವುದನ್ನು ನಿಲ್ಲಿಸಿದ. ಅವನಿಗೆ ಮನೆಯಲ್ಲಿ ಜಾಗ ಕೊಟ್ಟಿದ್ದ ಮುದುಕಿ ಮಿಸೆಸ್ ಪ್ಲಂಕೆಟ್ ಗಾಬರಿಯಾಗಿ ಆರ್ಲೋನ ಬಳಿ ಬಂದಳು. “ಹುಡುಗ ಪ್ಯಾನ್‌ಕೇಕ್ ಕೊಟ್ರೂ ನಗಲ್ಲ ಕಣಪ್ಪಾ. ಏನ್ ಮಾಡಿದೆ ಅವನಿಗೆ?” ಇನ್ನೊಂದು ವಾರಕ್ಕೆ ಮೇಲಿನಿಂದ ಮಾತು ಬಂತು: ಹುಡುಗ ತೀರಾ ಮಂಕಾಗಿದ್ದಾನೆ, ಆಟದ ಖುಷಿಯನ್ನು ಕಲಿಯಬೇಕು. ಎಲಿಸೆಯೊ ಕನ್ನಡಿಯ ಮುಂದೆ ನಿಂತು ಹದವಾಗಿ ನಗುವುದನ್ನು ಅಭ್ಯಾಸ ಮಾಡಿದ. ಅದೂ ಬಂತು.

ಆರ್ಲೋನ ಬುದ್ಧಿಗೆ ಇನ್ನು ಹೊಸದೇನೂ ಹೊಳೆಯಲಿಲ್ಲ. ಉಲ್ರಿಚ್‌ಗೆ ಹೊಳೆಯಿತು.

“ಮೊದಲ ಬೇಸಲ್ಲಿ ನಿಂತವನು ಕಳ್ಳಹೆಜ್ಜೆ ಇಟ್ಟು ಮುಂದಿನ ಬೇಸ್ ಕಡೆ ಸರೀತಾನಲ್ಲ, ಗಕ್ಕನೆ ತಿರುಗಿ ಅಲ್ಲಿಗೆ ಎಸೆದು ಅವನನ್ನ ಔಟ್ ಮಾಡೋದು ಇವನಿಗೆ ಬರುತ್ತಾ? ಒಂದು ಸಲಾನೂ ಮಾಡಿದ್ದು ನೋಡಿಲ್ಲ.”

“ಇವನು ಎಸೀತಿರುವಾಗ ಮೊದಲ ಬೇಸ್ ತನಕ ಯಾರು ಸ್ವಾಮಿ ಬರ್ತಾರೆ?”

“ಅದೇ ಹೇಳಿದ್ದು. ಪರೀಕ್ಷೆನೇ ಆಗಿಲ್ಲ.”

ಆರ್ಲೋ ಇದನ್ನು ಹುಡುಗನಿಗೆ ಇದ್ದ ಹಾಗೇ ಹೇಳಿಬಿಟ್ಟ. ಎಡವಿದ್ದು ಅಲ್ಲೇ. ಎಲಿಸೆಯೊ ಗಂಭೀರವಾಗಿ ತಲೆಯಾಡಿಸಿದ, ಆಮೇಲೆ ನೆನಪಾಗಿ ಹದವಾಗಿ ನಕ್ಕ.

ಮುಂದಿನ ಆಟದಲ್ಲಿ ಅವನು ಮೊದಲ ಬ್ಯಾಟುಗಾರನಿಗೆ ಸತತ ನಾಲ್ಕು ಚೆಂಡು ಗುರಿತಪ್ಪಿಸಿ ಎಸೆದ. ಹಾಗೆ ಎಸೆದರೆ ಬ್ಯಾಟುಗಾರ ಆಡದೆಯೇ ಆರಾಮಾಗಿ ನಡೆದು ಮೊದಲ ಬೇಸಿಗೆ ಹೋಗಬಹುದು, ಅದನ್ನು ಮೆಟ್ಟಿಕೊಂಡಿರುವ ತನಕ ಅವನು ಔಟಾಗುವುದಿಲ್ಲ. ಹೋದ. ಒಂದು ಹೆಜ್ಜೆ ಮುಂದಿಟ್ಟ. ಎಲಿಸೆಯೊ ತಿರುಗಿ ಎಸೆದ, ಔಟ್. ಎರಡನೆಯವನನ್ನೂ ಹಾಗೇ ನಡೆಸಿದ, ಹಾಗೇ ಔಟ್ ಮಾಡಿದ. ಮೂರನೆಯವನನ್ನೂ. ಜನಕ್ಕೆ ಚಪ್ಪಾಳೆ ತಟ್ಟಬೇಕೋ ಬೈಯಬೇಕೋ ತಿಳಿಯಲಿಲ್ಲ. ಎದುರು ತಂಡದವರಿಗೆ ಗುಟ್ಟು ಗೊತ್ತಾದ ಮೇಲೆ ಅವರು ಬೇಸಿಗೆ ಕಾಲು ಅಂಟಿಸಿಕೊಂಡು ನಿಂತರು. ಎಲಿಸೆಯೊ ಇನ್ನಾದರೂ ಒಬ್ಬ ಧೈರ್ಯವಂತ ಬಂದಾನೆಂದು ಇನ್ನೊಬ್ಬನನ್ನು ನಡೆಸಿದ, ಮತ್ತೊಬ್ಬನನ್ನು ನಡೆಸಿದ. ಮೂರು ಬೇಸೂ ತುಂಬಿದವು. ಮೂವರೂ ಬೇಸ್ ಬಿಟ್ಟು ಕದಲಲಿಲ್ಲ. ಕೊನೆಗೆ ಬೇರೆ ದಾರಿ ಕಾಣದೆ ಮುಂದಿನ ಮೂವರನ್ನು ಮಾಮೂಲಿನಂತೆ ಚೆಂಡು ಕಾಣಿಸದೆ ಔಟ್ ಮಾಡಿದ.

ತಂಡ ಗೆದ್ದಿತು. ಆರ್ಲೋ ಬಾಯಿಗೆ ಹಾಕಿಕೊಂಡಿದ್ದ ಸೂರ್ಯಕಾಂತಿ ಬೀಜವನ್ನು ಸಿಪ್ಪೆ ಸಮೇತ ನುಂಗಿದ್ದ.

“ಹೆಂಗಿತ್ತು ಕೋಚ್?” ಹುಡುಗ ಬೆವರು ಒರೆಸುತ್ತ ಬಂದು ಕೇಳಿದ. “ಬಂತಾ?”

“ಬಂತು ಮಾರಾಯ,” ಎಂದ ಆರ್ಲೋ. ಮೇ ತಿಂಗಳು ಬರುವ ತನಕ ಹುಡುಗ ಪ್ರತಿ ಆಟದಲ್ಲೂ ಹೀಗೇ ಆಡಿದ.

ಕೊನೆಗೂ ಬೇಕಾದಷ್ಟು ವಾರ ಕಳೆದವು. ಒಂದು ವರ್ಷ ಮೇಲಿನ ತಂಡದ ಜೇಬಿಗೆ ಬಿತ್ತು. ಇನ್ನು ಹುಡುಗನನ್ನು ಕರೆಸುತ್ತಾರೆಂದು ಆರ್ಲೋ ಫೋನಿನ ಪಕ್ಕದಲ್ಲೇ ಕೂತ. ಉಲ್ರಿಚ್ ಖುದ್ದಾಗಿ ಕಾರಲ್ಲಿ ಬಂದಿಳಿದ. ಮುಖ ಬಾಡಿಹೋಗಿತ್ತು.

“ಈಗ ನಿಜವಾಗ್ಲೂ ಬೇಕು ನಮಗೆ. ಅಲ್ಲಿ ಇಬ್ಬರು ಎಸೆತಗಾರರ ಭುಜ ಹೋಗಿದೆ. ಆದ್ರೆ ಆಟಗಾರರ ಅಂಕಿಅಂಶ ಲೆಕ್ಕ ಹಾಕೋ ಕಂಪ್ಯೂಟರ್ ಬೇಡ ಅಂತಿದೆ. ಲೀಗಲ್ಲೇ ಇವನಷ್ಟು ಜನರನ್ನ ಪುಕ್ಕಟೆ ನಡೆಸಿದವನು ಇನ್ನೊಬ್ಬನಿಲ್ಲವಂತೆ. ಗುರಿನೇ ಇಲ್ಲವಂತೆ ಹುಡುಗನಿಗೆ.”

“ಬೇಕಂತಲೇ ನಡೆಸಿದ್ದು ರೀ ಅದು!”

“ಯಾಕೆ ನಡೆಸಿದ?”

“ಔಟ್ ಮಾಡೋಕೆ ಬರುತ್ತಾ ನೋಡಬೇಕು ಅಂತ ನೀವು ಅಂದ್ರಲ್ಲ!”

“ನಾನಾ? ನಾನು ಯಾವಾಗ ಅಂದೆ?”

“ಫೋನಲ್ಲಿ.”

“ಫೋನಲ್ಲಿ ನಾವು ಏನೂ ಮಾತಾಡಿಲ್ಲ, ಆರ್ಲೋ,” ಎಂದ ಉಲ್ರಿಚ್ ಅತ್ತಿತ್ತ ನೋಡಿ. “ಆ ದೋಷ ಸುಳ್ಳು ಅಂತ ನಮ್ಮ ಸಾಹೇಬರಿಗೆ ಹೇಳಿದ್ರೆ ಉಳಿದ ದೋಷಗಳ ಕಥೆ ಏನು ಅಂತ ಕೇಳ್ತಾರೆ. ಸಂಘದವರ ಕಿವಿಗೂ ಬೀಳುತ್ತೆ. ಭಾನುವಾರದ ಆಟದಲ್ಲಿ ಒಬ್ಬನನ್ನೂ ನಡೆಸದೆ ಎಸೀಲಿ. ಇಲ್ಲಾಂದ್ರೆ ಈ ವರ್ಷ ಪೂರ್ತಿ ಇಲ್ಲೇ ಅವನು.”

ದೊಡ್ಡ ಲೀಗಿಗೆ ಹೊರಟ ಹುಡುಗನನ್ನು ಕೋಣೆಗೆ ಕರೆದು, ನಿನ್ನ ಆಟ ಮುಗೀತು, ಗಂಟುಮೂಟೆ ಕಟ್ಟು ಎಂದು ಮೊದಲು ಹೆದರಿಸಿ, ಅವನು ಇನ್ನೇನು ಅತ್ತೇಬಿಡುತ್ತಾನೆ ಎನ್ನುವಾಗ ಸಿಹಿಸುದ್ದಿ ಹೇಳುವುದು ಈ ಆಟದಲ್ಲಿ ಹಿಂದಿನಿಂದ ನಡೆದುಬಂದ ಕೀಟಲೆ. ಆರ್ಲೋ ಎಷ್ಟೋ ಹುಡುಗರನ್ನು ಹಾಗೆ ಅಳಿಸಿ ನಗಿಸಿದ್ದ. ಈ ಸಲ ಬಾಗಿಲು ಹಾಕಿ ಸೀದಾ ವಿಷಯಕ್ಕೆ ಬಂದ.

“ಭಾನುವಾರ ಯಾರನ್ನೂ ನಡೆಸಬೇಡ. ಮೊದಲು ಎಸೀತಿದ್ಯಲ್ಲ, ಹಂಗೆ ಎಸಿ.”

“ಅದು ಆಗಲ್ಲ ಕೋಚ್,” ಎಂದ ಎಲಿಸೆಯೊ ವಿನಯದಿಂದ. “ಎಡಗಡೆ ತಿರುಗೋದು ಇನ್ನೂ ಒಂಚೂರು ನಿಧಾನ ಇದೆ. ಇನ್ನೊಂದು ತಿಂಗಳು ಟೈಮ್ ಕೊಡಿ. ನಾನಿನ್ನೂ ಸಿದ್ಧ ಆಗಿಲ್ಲ.”

“ಲೋ, ನಿನ್ನಲ್ಲಿ ಯಾವ ಕೊರತೇನೂ ಇಲ್ಲ. ಮೊದಲಿಂದಲೂ ಇರಲಿಲ್ಲ.”

ಹುಡುಗ ಜೋರಾಗಿ ನಕ್ಕ. ಹದ ಮರೆತು ನಕ್ಕ. “ಕೀಟಲೆ ಮಾಡ್ತಿದೀರಿ! ಹುಡುಗರು ಹೇಳಿದಾರೆ ನಿಮ್ಮ ವಿಷ್ಯ.”

“ಕೀಟಲೆ ಅಲ್ಲ ಕಣೋ. ನಿನ್ನನ್ನ ಇಲ್ಲೇ ಹಿಡಿದಿಟ್ಕೊಳ್ಳೋಕೆ ಅವರಿಗೊಂದು ನೆವ ಬೇಕಿತ್ತು. ನೆವ ಹುಡುಕಿಕೊಟ್ಟೋನು ನಾನು. ಇದೇ ಕುರ್ಚಿ ಮೇಲೆ ಕೂತು.”

ನಗು ನಿಂತಿತು. “ಉರುಳೋ ಚೆಂಡು?”

“ಸುಳ್ಳು.”

“ನಾನು ನಗೋದು?”

“ಚೆನ್ನಾಗೇ ನಗ್ತಿದ್ದೆ.”

ಎಲಿಸೆಯೊ ತನ್ನ ಅಂಗೈಗಳನ್ನು ನೋಡಿಕೊಂಡ. ಬೆಳಗಾಗುವ ಮೊದಲೇ ಬಂದು ಕೆಸರಲ್ಲಿ ಚೆಂಡು ಎತ್ತಿ ಎತ್ತಿ ಬೆರಳ ಸಂದಿಯಲ್ಲಿ ಚರ್ಮ ಒಡೆದಿತ್ತು. ಬೈದಿದ್ದರೆ, ಕುರ್ಚಿ ಎತ್ತಿ ಎಸೆದಿದ್ದರೆ ಆರ್ಲೋನಿಗೆ ಸಮಾಧಾನವಾಗುತ್ತಿತ್ತು. ಹುಡುಗ ಬೈಯಲಿಲ್ಲ. “ಭಾನುವಾರ ಎಸೀತೀನಿ ಕೋಚ್,” ಎಂದು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದ.

ಭಾನುವಾರ ಅವನು ಒಬ್ಬನನ್ನೂ ನಡೆಸಲಿಲ್ಲ, ಒಬ್ಬನೂ ಅವನ ಚೆಂಡನ್ನು ಹೊಡೆಯಲಿಲ್ಲ. ಕಂಪ್ಯೂಟರ್ ಒಪ್ಪಿತು. ಸೋಮವಾರ ಬೆಳಿಗ್ಗೆ ವಿಮಾನ ಹತ್ತಿದ.

ಆ ವಾರದಲ್ಲೇ ದೊಡ್ಡ ಲೀಗಿನಲ್ಲಿ ಅವನ ಮೊದಲ ಆಟ. ಟರ್ನಿಪ್ಸ್ ಹುಡುಗರೆಲ್ಲ ಟೀವಿಯ ಮುಂದೆ ಕೂತು ಗಂಟಲು ಹರಿಯುವ ಹಾಗೆ ಕಿರುಚಿದರು. ಎಲಿಸೆಯೊ ಗೆದ್ದ. ಆ ಊರಿನ ಕ್ರೀಡಾಂಗಣವೇ ಎದ್ದು ನಿಂತಿತ್ತು. ಆರ್ಲೋ ಯಾರಿಗೂ ಕಾಣದಂತೆ ಟೋಪಿಯಲ್ಲಿ ಕಣ್ಣೊರೆಸಿಕೊಂಡ.

ಸಂಜೆ ಫೋನ್ ಬಂತು.

“ಕೋಚ್, ನಾನು.”

“ಏನ್ ಆಟ ಆಡಿದ್ಯೋ ಮಗಾ!”

“ಇಲ್ಲಿ ಎಲ್ಲರೂ ಅದನ್ನೇ ಅಂತಿದಾರೆ. ಚೆನ್ನಾಗಿ ಎಸೆದೆ, ಚೆನ್ನಾಗಿ ಎಸೆದೆ ಅಂತ.” ಹುಡುಗ ದನಿ ತಗ್ಗಿಸಿದ. “ಯಾಕೆ ಹಂಗಂತಾರೆ ಕೋಚ್? ನನ್ನಿಂದ ಇವರಿಗೆ ಏನಾಗಬೇಕಾಗಿದೆ?”

“ಏನೂ ಇಲ್ವೋ. ನೀನು ನಿಜವಾಗ್ಲೂ ಚೆನ್ನಾಗಿ ಎಸೆದೆ. ನಾನು ಹೇಳ್ತಿದೀನಲ್ಲ.”



“ಸರಿ ಕೋಚ್,” ಎಂದ ಎಲಿಸೆಯೊ, ತುಂಬ ಮರ್ಯಾದೆಯಿಂದ. “ಇನ್ಯಾರನ್ನಾದ್ರೂ ಕೇಳ್ತೀನಿ.”