ಬಾನೆಟ್ಟಿಗೆ ಅಂಟಿಸಿದ ಪಟ್ಟಿ

ಸುನಿತಾ ಮತ್ತು ದುರ್ಗಾದೇವಿ ಇಬ್ಬರೂ ಸೇರಿ ಒಂದು ಹಳೆಯ ಕಾರು ಕೊಂಡಾಗ, ಕುಷ್ಟಗಿಯಲ್ಲಿ ಅವರನ್ನು ಬಲ್ಲವರು ಇದು ಬಹಳ ದಿನ ನಡೆಯುವ ಪಾಲುದಾರಿಕೆ ಅಲ್ಲ ಎಂದಿದ್ದರು. ಇಬ್ಬರೂ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಬೆಳೆದವರು ಅವರು. ಸುನಿತಾ ಕುಕನೂರಿನ ಕಡೆ ಒಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ನರ್ಸ್. ಅವಳ ಡ್ಯೂಟಿಯ ಹೊತ್ತಿಗೆ ಸರಿಯಾದ ಬಸ್ಸಿರಲಿಲ್ಲ. ದುರ್ಗಾದೇವಿ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಐದಾರು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಜೋಳದ ಖಡಕ್ ರೊಟ್ಟಿ ಮಾಡಿಸಿ ಸುತ್ತಲಿನ ಖಾನಾವಳಿಗಳಿಗೆ ಮುಟ್ಟಿಸುತ್ತಿದ್ದಳು. ಬೆಳಿಗ್ಗೆ ಕಾರು ಸುನಿತಾಳದು. ಮಧ್ಯಾಹ್ನ ಅವಳು ತಂದು ನಿಲ್ಲಿಸಿದ ಕೂಡಲೇ ದುರ್ಗಾದೇವಿ ರೊಟ್ಟಿಯ ಗಂಟುಗಳನ್ನು ಹೇರಿಕೊಂಡು ಹೊರಡುತ್ತಿದ್ದಳು. ಸುನಿತಾಳ ಓಣಿ ಇಕ್ಕಟ್ಟಾದ್ದರಿಂದ ರಾತ್ರಿ ಕಾರು ದುರ್ಗಾದೇವಿಯ ಅಂಗಳದಲ್ಲಿ, ಅವಳ ಮೈದುನ ಮಲ್ಲೇಶನ ಗೂಡ್ಸ್ ಆಟೋದ ಪಕ್ಕ ನಿಲ್ಲುತ್ತಿತ್ತು.

ಸಂಕ್ರಾಂತಿಗೆ ಮುಂಚಿನ ಚಳಿಯಲ್ಲಿ ಅದು ಶುರುವಾಯಿತು. ಸುನಿತಾ ಕೀಲಿ ತಿರುವಿದರೆ ಇಂಜಿನ್ ಒಲ್ಲೆನೆನ್ನುತ್ತಾ ಎದ್ದು, ಒಳಗೆ ಯಾರೋ ಸುತ್ತಿಗೆಯಿಂದ ಬಡಿದ ಹಾಗೆ ಟಕಟಕ ಸದ್ದು ಮಾಡುತ್ತಿತ್ತು. ಚಳಿಜ್ವರ ಬಂದವರಂತೆ ಇಡೀ ಕಾರು ನಡುಗುತ್ತಿತ್ತು. ಹಿಂದಿನಿಂದ ಬಿಳಿ ಹೊಗೆ. ಸ್ವಲ್ಪ ಹೊತ್ತಿಗೆ ಎಲ್ಲವೂ ತಾನಾಗಿಯೇ ಸರಿಹೋಗಿ, ಆಮೇಲೆ ದಿನವಿಡೀ ಒಂದು ತಕರಾರಿಲ್ಲ.

ಅವಳು ದುರ್ಗಾದೇವಿಗೆ ಹೇಳಿದಳು. ಶೆಡ್ಡಿನಲ್ಲಿ ಆ ಹೊತ್ತಿಗೆ ರೊಟ್ಟಿ ಬಡಿಯುವ ಸದ್ದು ಎಷ್ಟಿರುತ್ತಿತ್ತೆಂದರೆ ಹೊರಗಿನದೊಂದೂ ಕೇಳಿಸುತ್ತಿರಲಿಲ್ಲ. ದುರ್ಗಾದೇವಿ ಕೈಯ ಹಿಟ್ಟು ತೊಳೆದುಕೊಂಡು ಅಂಗಳಕ್ಕೆ ಬರುವಷ್ಟರಲ್ಲಿ ಇಂಜಿನ್ ಏನೂ ಆಗಿಲ್ಲವೆಂಬಂತೆ ಓಡುತ್ತಿತ್ತು.

"ನನ್ನ ಕೈಯಾಗ ಛಲೋ ಓಡತೈತಿ" ಎಂದಳು ದುರ್ಗಾದೇವಿ. "ನಿನಗಷ್ಟ ಯಾಕ ಹಂಗ ಮಾಡತೈತಿ?"

ಆ ಮಾತು ಸುನಿತಾಳಿಗೆ ನಾಟಿತು. ತನಗೆ ಓಡಿಸಲು ಬರುವುದಿಲ್ಲ ಎನ್ನುತ್ತಿದ್ದಾಳೋ, ಇಲ್ಲಾ ಸುಳ್ಳು ಹೇಳುತ್ತಿದ್ದೇನೆ ಎನ್ನುತ್ತಿದ್ದಾಳೋ ತಿಳಿಯಲಿಲ್ಲ.

ಬಸ್ ನಿಲ್ದಾಣದ ಹಿಂದೆ ಗ್ಯಾರೇಜು ಇಟ್ಟಿದ್ದ ನಾಗೇಶನ ಬಳಿ ಕಾರು ಒಯ್ದಳು. ಅಲ್ಲಿಗೆ ಮುಟ್ಟುವ ಹೊತ್ತಿಗೆ ಇಂಜಿನ್ ಕಾದಿತ್ತು. ಅವನು ಬಾನೆಟ್ ಎತ್ತಿ ಕಿವಿಗೊಟ್ಟು ಕೇಳಿ ತಲೆಯಾಡಿಸಿದ.

"ಏನೂ ಇಲ್ರಿ ಸಿಸ್ಟರ್. ಹಳೇ ಗಾಡಿ ಅಂದಮ್ಯಾಗ ಚಳಿಗೆ ಒಂದೀಟು ಮಿಸ್ಸಿಂಗ್ ಹೊಡೀತಾವ. ನೀರು ಅಷ್ಟು ನೋಡ್ಕೋತ ಇರ್ರಿ."

ಮರುದಿನ ಬೆಳಿಗ್ಗೆ ಅವಳು ನೀರು ನೋಡಿದಳು. ರೇಡಿಯೇಟರಿನ ಪಕ್ಕದ ಡಬ್ಬಿಯಲ್ಲಿ ಇಂಜಿನ್ ತಣ್ಣಗಿಡುವ ಹಸಿರು ನೀರು, ಕೂಲಂಟ್, ಗೆರೆಗಿಂತ ಕೆಳಗಿತ್ತು. ತುಂಬಿಸಿದಳು. ಅದರ ಮರುದಿನವೂ ಕಡಿಮೆ. ಬಗ್ಗಿ ಕಾರಿನ ಅಡಿ ನೋಡಿದರೆ ಮಣ್ಣು ಒಣಗಿತ್ತು, ಒಂದು ಹನಿ ಬಿದ್ದ ಗುರುತಿಲ್ಲ. ತಲೆ ಎತ್ತಿದಾಗ ಕಣ್ಣಿಗೆ ಬಿದ್ದದ್ದು ಮಲ್ಲೇಶನ ಆಟೋದ ಚಕ್ರಕ್ಕೆ ಒರಗಿಸಿದ್ದ ಒಂದು ಪ್ಲಾಸ್ಟಿಕ್ ಕ್ಯಾನು. ಅದರ ತಳದಲ್ಲಿ ಅದೇ ಹಸಿರು ನೀರು.

ಅಂದಿನಿಂದ ಅವಳಿಗೆ ಎಲ್ಲದರಲ್ಲೂ ಮಲ್ಲೇಶ ಕಾಣತೊಡಗಿದ. ಅವನು ನಮಸ್ಕಾರ ಮಾಡಿದರೆ ಯಾಕೆ ಮಾಡಿದ ಅನ್ನಿಸುತ್ತಿತ್ತು. ಮಾಡದೆ ಹೋದರೆ ಮುಖ ತಪ್ಪಿಸುತ್ತಿದ್ದಾನೆ ಅನ್ನಿಸುತ್ತಿತ್ತು. ನೀರನ್ನಷ್ಟೇ ತೆಗೆಯುತ್ತಾನೋ, ಇಂಜಿನ್ನಿನ ಬೇರೆ ಸಾಮಾನಿಗೂ ಕೈ ಹಾಕಿದ್ದಾನೋ? ಗಂಡ ಕಳಕೇಶನ ಮುಂದೆ ಹೇಳಿಕೊಂಡಾಗ ಅವನು ಊಟದ ತಾಟಿನಿಂದ ತಲೆ ಎತ್ತಲಿಲ್ಲ.

"ಗಾಡಿ ಮಂದಿ ಮನ್ಯಾಗ ಇಟ್ಟು, ಇನ್ನೇನು ಕೇಳ್ತಿ?" ಎಂದ.

ಅವಳೊಂದು ಉಪಾಯ ಮಾಡಿದಳು. ಗಾಯಕ್ಕೆ ಬ್ಯಾಂಡೇಜು ಕಟ್ಟುವಾಗ ಅಂಟಿಸುವ ಬಿಳಿ ಪಟ್ಟಿ ಯಾವಾಗಲೂ ಅವಳ ಚೀಲದಲ್ಲಿರುತ್ತಿತ್ತು. ಮಧ್ಯಾಹ್ನ ಕಾರು ನಿಲ್ಲಿಸಿದಾಗ ಅದರದೊಂದು ಸಣ್ಣ ತುಂಡು ಹರಿದು, ಬಾನೆಟ್ಟಿನ ಕೆಳಮೂಲೆಯಲ್ಲಿ, ಹುಡುಕಿದವರಿಗಷ್ಟೇ ಕಾಣುವ ಹಾಗೆ ಅಂಟಿಸಿದಳು. ಕಾರು ಬಿಳಿಯದಾದ್ದರಿಂದ ಪಟ್ಟಿ ಮರೆಯಾಯಿತು.

ಬೆಳಿಗ್ಗೆ ಬಂದು ನೋಡಿದರೆ ಪಟ್ಟಿ ನಡುವೆ ಹರಿದಿತ್ತು.

ಬಾನೆಟ್ ತೆರೆಯುವ ಹಿಡಿ ಕಾರಿನ ಒಳಗಿತ್ತು, ಕಾರಿನ ಕೀಲಿ ರಾತ್ರಿಯೆಲ್ಲ ದುರ್ಗಾದೇವಿಯ ಮನೆಯ ಗೋಡೆಯ ಮೊಳೆಯಲ್ಲಿತ್ತು. ಇನ್ನು ಯೋಚಿಸುವುದೇನೂ ಉಳಿದಿಲ್ಲವೆಂದು ಅವಳಿಗೆ ಅನ್ನಿಸಿತು. ಇಂಜಿನ್ ಚಾಲೂ ಮಾಡದೆ ನೇರವಾಗಿ ಶೆಡ್ಡಿಗೆ ಹೋಗಿ ಬಾಗಿಲಲ್ಲಿ ನಿಂತಳು.

"ದುರ್ಗಾ, ರಾತ್ರಿ ಬಾನೆಟ್ ತಗದವ್ರು ಯಾರು? ನಿನ್ನ ಮೈದುನ ಗಾಡಿ ನೀರು ಕದಿಯಾಕ ಹತ್ಯಾನ."

ರೊಟ್ಟಿ ಬಡಿಯುತ್ತಿದ್ದ ಕೈಗಳು ಒಂದೊಂದಾಗಿ ನಿಂತವು. ಹೆಣ್ಣುಮಕ್ಕಳೆಲ್ಲ ದುರ್ಗಾದೇವಿಯ ಮುಖ ನೋಡಿದರು. ಹೆಂಚಿನ ಮೇಲಿದ್ದ ರೊಟ್ಟಿ ಸುಟ್ಟ ವಾಸನೆ ಬಂದರೂ ಯಾರೂ ತಿರುವಿ ಹಾಕಲಿಲ್ಲ. ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದ ಮಲ್ಲೇಶ ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ಬಂದ.

"ಬಾನೆಟ್ ತಗದವ ನಾನರಿ ಸಿಸ್ಟರ್" ಎಂದ. "ದಿನಾ ಊಟ ಆದಮ್ಯಾಲ ತಗೀತೀನಿ. ಅತ್ತಿಗಿ ಗಾಡಿ ತಂದು ನಿಲ್ಲಿಸಿದಾಗ ನೀರು ಕಡಿಮಿ ಇರತೈತಿ. ಕ್ಯಾನ್ ತಂದಿಟ್ಟೀನಿ, ದಿನಾ ಗೆರಿತನಕ ತುಂಬಿಸಿ ಮಲಗ್ತೀನಿ."

"ಹಂಗಂತ ನನಗ ಯಾಕ ಹೇಳಲಿಲ್ಲ?"

ಉತ್ತರ ಕೊಟ್ಟವಳು ದುರ್ಗಾದೇವಿ. ಅವಳ ದನಿ ಸಣ್ಣದಾಗಿತ್ತು. "ನಾನ ಬ್ಯಾಡ ಅಂದಿದ್ದೆ. ನೀ ನೀರು ನೋಡದ ಓಡಸ್ತಿ, ಗಾಡಿ ನೀನ ಕೆಡಿಸಿ ಸದ್ದು ಬರತೈತಿ ಅಂತ ನೆವ ಹೇಳ್ತಿ ಅಂತ ತಿಳದಿದ್ದೆ. ಗಾಡಿ ಪೂರಾ ನಿನಗ ಬೇಕಾಗೈತೇನೋ ಅಂತಾನೂ ಅನ್ನಿಸ್ತು."

ಮಲ್ಲೇಶನ ಮಾತು ಸುಳ್ಳಿರಬಹುದೇ ಎಂದು ಸುನಿತಾಳ ಮನಸ್ಸು ಇನ್ನೂ ಹುಡುಕುತ್ತಿತ್ತು. ರಾತ್ರಿ ಗೆರೆಯವರೆಗೆ ತುಂಬಿಸಿದ ನೀರು ಬೆಳಿಗ್ಗೆ ಕಡಿಮೆಯಾಗಿದ್ದರೆ, ನೆಲವೂ ಒಣಗಿದ್ದರೆ, ಅದು ಹೋದದ್ದೆಲ್ಲಿಗೆ?

"ಚಾಲೂ ಮಾಡು ನೋಡೂಣು" ಎಂದಳು ದುರ್ಗಾದೇವಿ.

ಶೆಡ್ಡಿನಲ್ಲಿ ಸದ್ದಿರಲಿಲ್ಲ. ಸುನಿತಾ ಕೀಲಿ ತಿರುವಿದಳು. ಟಕಟಕ ಬಡಿತ, ಆ ನಡುಕ, ಬಿಳಿ ಹೊಗೆ ಎಲ್ಲವೂ ಬಂದವು. ದುರ್ಗಾದೇವಿ ಹಿಟ್ಟಿನ ಕೈಯನ್ನೇ ಬಾಯಿಗೆ ಒತ್ತಿಕೊಂಡಳು. ಮಲ್ಲೇಶ ಹಿಂದೆ ಹೋಗಿ ಹೊಗೆಗೆ ಅಂಗೈ ಒಡ್ಡಿ ಮೂಸಿ ನೋಡಿದ.

"ಬಂದ್ ಮಾಡ್ರಿ" ಎಂದ. "ಕೂಲಂಟ್ ವಾಸನಿ ಐತಿ. ನೀರು ಇಂಜಿನ್ ಒಳಗ ಹೋಗಾಕ ಹತ್ತೈತಿ."

ಅಂದು ಸುನಿತಾ ಡ್ಯೂಟಿಗೆ ಬಸ್ಸಿನಲ್ಲಿ ತಡವಾಗಿ ಹೋದಳು. ಸಂಜೆ ಕಾರನ್ನು ಹಗ್ಗ ಕಟ್ಟಿ ಮಲ್ಲೇಶನ ಆಟೋದಿಂದ ಎಳೆದು ನಾಗೇಶನ ಗ್ಯಾರೇಜಿನಲ್ಲಿ ಬಿಟ್ಟರು. ಬೆಳಿಗ್ಗೆ ತಾವು ಬರುವವರೆಗೆ ಚಾಲೂ ಮಾಡಬಾರದೆಂದು ಸುನಿತಾ ಅವನಿಗೆ ಒತ್ತಿ ಹೇಳಿದಳು. ಒಳಗೊಳಗೆ ಅವಳಿಗೆ ನಾಗೇಶನ ಮೇಲೂ ನಂಬಿಕೆ ಉಳಿದಿರಲಿಲ್ಲ.

ಬೆಳಿಗ್ಗೆ ಮೂವರೂ ಬಂದು ನಿಂತಾಗ ನಾಗೇಶ ಇಂಜಿನ್ನಿನ ನಾಲ್ಕೂ ಪ್ಲಗ್ಗು ಬಿಚ್ಚಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟ. ಮೂರರ ತುದಿ ಕಂದು ಬಣ್ಣಕ್ಕೆ ತಿರುಗಿತ್ತು. ಒಂದು ಮಾತ್ರ ಆಗಷ್ಟೇ ತೊಳೆದಿಟ್ಟಂತೆ ಬೆಳ್ಳಗಿತ್ತು, ಒದ್ದೆಯಾಗಿತ್ತು. ಆಮೇಲೆ ಅವನು ಎಲ್ಲರಿಗೂ ದೂರ ಸರಿಯಲು ಹೇಳಿ, ಪ್ಲಗ್ಗಿಲ್ಲದೆಯೇ ಇಂಜಿನ್ ತಿರುವಿದ. ಆ ಒಂದೇ ತೂತಿನಿಂದ ನೀರು ತುಂತುರಾಗಿ ಚಿಮ್ಮಿ ಗ್ಯಾರೇಜಿನ ತಗಡಿಗೆ ಬಡಿಯಿತು.

"ಹೆಡ್ ಗ್ಯಾಸ್ಕೆಟ್ ಹೋಗೈತಿ" ಎಂದು ನಾಗೇಶ ಇಂಜಿನ್ನಿನ ಮೇಲ್ಭಾಗ ಕೂತಿದ್ದ ಸಂದಿನ ತೆಳು ಪದರವನ್ನು ಬೆರಳಿನಿಂದ ತೋರಿಸಿದ. "ಬಿಸಿ ಗಾಡಿ ಬಂದ್ ಮಾಡಿದ ಮ್ಯಾಲ ಒಳಗಿನ ಒತ್ತಡಕ್ಕ ನೀರು ಸಂದಿನ್ಯಾಗಿಂದ ಸಿಲಿಂಡರಿಗೆ ಇಳಿದು ಬೆಳತನಕ ಅಲ್ಲೇ ನಿಂದರತೈತಿ. ಅದು ಆವಿ ಆಗಿ ಹೋಗೂತನಕ ಒಂದು ಸಿಲಿಂಡರ್ ಕೆಲಸಾ ಮಾಡಂಗಿಲ್ಲ. ಅವತ್ತು ಗಾಡಿ ಕಾದು ಬಂದಿತ್ತು, ಹಿಂಗಾಗಿ ನನಗೂ ಸಿಗಲಿಲ್ಲ. ಇನ್ನೂ ಸ್ವಲ್ಪ ದಿನ ಹಂಗ ಓಡಿಸಿದ್ರ ಇಂಜಿನ್ ಕೈ ಬಿಡತಿತ್ತು. ಯಾರೋ ದಿನಾ ತುಂಬಿಸ್ಯಾರಂತ ಉಳಕೊಂಡೈತಿ."

ಮಲ್ಲೇಶ ಬಗ್ಗಿ ಬಟ್ಟೆಯ ಮೇಲಿನ ಒದ್ದೆ ಪ್ಲಗ್ಗನ್ನು ತಿರುವಿ ನೋಡಿದ.

ಇಂಜಿನ್ನಿನ ಮೇಲ್ಭಾಗ ಬಿಚ್ಚಿ, ಕೊಪ್ಪಳಕ್ಕೆ ಕಳಿಸಿ ಸಪಾಟು ಮಾಡಿಸಿ, ಹೊಸ ಗ್ಯಾಸ್ಕೆಟ್ ಕೂಡಿಸುವಷ್ಟರಲ್ಲಿ ಒಂದು ವಾರ ಹೋಯಿತು. ಆ ವಾರವೆಲ್ಲ ದುರ್ಗಾದೇವಿಯ ರೊಟ್ಟಿ ಮಲ್ಲೇಶನ ಆಟೋದಲ್ಲೇ ಹೋದವು. ಕಾರು ಮರಳಿ ಬಂದ ದಿನ ಸುನಿತಾ ಶೆಡ್ಡಿಗೆ ಹೋಗಿ, ತಾನು ಆಡಿದ ಮಾತನ್ನು ಕೇಳಿಸಿಕೊಂಡಿದ್ದ ಹೆಣ್ಣುಮಕ್ಕಳ ಎದುರಿಗೇ ಮಲ್ಲೇಶನನ್ನು ಕರೆದು, "ನನ್ನದು ತಪ್ಪಾತು" ಎಂದಳು.

"ಆತು ಬಿಡ್ರಿ ಸಿಸ್ಟರ್" ಎಂದ ಅವನು. "ಮನಸಿನ್ಯಾಗ ಇಟ್ಟುಕೊಳ್ಳಂಗಿಲ್ಲ. ಆದ್ರ ಇನ್ನ ಮ್ಯಾಲ ಆ ಗಾಡಿ ಮುಟ್ಟಂಗಿಲ್ಲ."

ಹೇಳಿದ ಹಾಗೆ ಅವನು ಮುಟ್ಟಲಿಲ್ಲ. ಆಟೋವನ್ನು ಅಂಗಳದ ಇನ್ನೊಂದು ಬದಿಗೆ ನಿಲ್ಲಿಸತೊಡಗಿದ. ಈಗ ಬೆಳಿಗ್ಗೆ ನೀರು ನೋಡುವವಳು ಸುನಿತಾಳೇ. ಅವಳು ಬಂದ ಸುಳಿವು ಸಿಕ್ಕರೆ ದುರ್ಗಾದೇವಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲು ಹೇಳಿ ಅಂಗಳಕ್ಕೆ ಬಂದು ನಿಲ್ಲುತ್ತಾಳೆ. ಇಂಜಿನ್ ಒಂದೇ ತಿರುವಿಗೆ ಎದ್ದು ಸದ್ದಿಲ್ಲದೆ ಓಡುತ್ತದೆ. ಆದರೂ ಇಬ್ಬರೂ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತಿರುತ್ತಾರೆ.