ಗುಡ್ಡನ ಆಣೆ

ಮನೆಯ ಜಗಲಿಯಲ್ಲಿ ದೋಣಿಯ ಎಂಜಿನ್ನಿನ ಆಯಿಲ್ ಕೆಳಗಿಳಿಸುತ್ತಿದ್ದ ಅಶೋಕನ ಎದೆ ಧಸಕ್ಕೆಂದಿತು. ಬೋಗುಣಿ ತುಂಬ ಆಯಿಲ್. ಒಂದು ತೊಟ್ಟೂ ಕಡಿಮೆಯಿರಲಿಲ್ಲ.

ಮೂರು ದಿನದ ಹಿಂದೆ ಇದೇ ಎಂಜಿನ್ ನಡುನೀರಿನಲ್ಲಿ ಕಟಕಟ ಬಡಿದುಕೊಂಡು ನಿಂತಿತ್ತು. ದೋಣಿ ಅವನಿಗೂ ಗುಡ್ಡನಿಗೂ ಪಾಲಿನದು. ರಿಪೇರಿ ಅಶೋಕನದು, ಓಡಿಸುವುದು, ಆಯಿಲ್ ನೋಡುವುದು ಗುಡ್ಡನದು. ಬೇರೆ ದೋಣಿಗೆ ಹಗ್ಗ ಕಟ್ಟಿಸಿಕೊಂಡು ತ್ರಾಸಿಯ ದಡ ಸೇರಿದ ಗುಡ್ಡನನ್ನು ಅಶೋಕ ಮೀನಿಗೆ ಕಾದು ನಿಂತ ಅಷ್ಟೂ ಜನರೆದುರು ತರಾಟೆಗೆ ತೆಗೆದುಕೊಂಡ. ಆಯಿಲ್ ಹಾಕದೆ ಓಡಿಸಿದ್ದೀಯ ಅಂದ. ಹಾಕಿದ್ದೆ ಅಂತ ಗುಡ್ಡ ಮೂರು ಸಲ ಹೇಳಿದ.

"ಹಾಂಗಾರೆ ಹಟ್ಟಿಯಂಗಡಿ ಗಣಪತಿ ಎದ್ರ್ ನಿಂತ್ ಹೇಳ್ ಕಾಂಬ!"

ಬಾಯಿಗೆ ಬೀಗವಿಲ್ಲದ ಅಶೋಕನಿಗೆ ಇಂಥ ಆಣೆಯ ಮಾತು ಬಲು ಸಲೀಸು. ಗುಡ್ಡ ಮಾತ್ರ ಆಣೆಯ ವ್ರತವೆಂದು ಅಂದಿನಿಂದ ಮೀನು ತಿಂದಿರಲಿಲ್ಲ.

ಆಯಿಲ್ ಕಂಡ ಮೇಲೂ ಅಶೋಕ ಸೋಲೊಪ್ಪಲಿಲ್ಲ. ದಡ ಸೇರಿದ ಮೇಲೆ ತುಂಬಿಸಿರಬಹುದಲ್ಲ? ಎಂಜಿನ್ನಿನ ಬದಿಯ ಮುಚ್ಚಳ ಬಿಚ್ಚಿ, ಕೈ ತೂರಿಸಿ, ಕನೆಕ್ಟಿಂಗ್ ರಾಡನ್ನು ಮೇಲೆ ಕೆಳಗೆ ಅಲ್ಲಾಡಿಸಿದ. ಟಕ್, ಟಕ್. ಕ್ರ್ಯಾಂಕನ್ನು ಅಪ್ಪಿಕೊಂಡಿರಬೇಕಾದ ರಾಡು ಸಡಿಲವಾಗಿ ಆಡುತ್ತಿತ್ತು. ಎರಡು ಬೋಲ್ಟು ತೆಗೆದು, ರಾಡನ್ನು ಕ್ರ್ಯಾಂಕಿಗೆ ಬಿಗಿಯುವ ಅರ್ಧಬಳೆಯಂಥ ಕ್ಯಾಪ್ ಇಳಿಸಿದ. ಆಯಿಲ್ ಇಲ್ಲದೆ ಓಡಿದ್ದರೆ ಕ್ರ್ಯಾಂಕು ಕಾದು ನೀಲಿಗಟ್ಟಬೇಕು. ನೀಲಿ ಎಲ್ಲಿದೆ? ಉಗುರು ಆಡಿಸಿದರೆ ಸಣ್ಣ ಗೀರು ತಾಗಿತು, ಅಷ್ಟೆ. ಒಳಗಿನ ಬೇರಿಂಗ್ ತಗಡು ಒಂದೇ ಅಂಚಿನಲ್ಲಿ ಸವೆದು ತಾಮ್ರ ಇಣುಕುತ್ತಿತ್ತು.

ಒಂದೇ ಅಂಚು ಯಾಕೆ? ಕ್ಯಾಪನ್ನು ಇದ್ದ ಹಾಗೆಯೇ ಮತ್ತೆ ಹಿಡಿದು ನೋಡಿದ. ರಾಡಿನ ಮೇಲೆ ಕೊರೆದ ನಂಬರು ಬಲಕ್ಕೆ, ಕ್ಯಾಪಿನ ನಂಬರು ಎಡಕ್ಕೆ. ಎರಡೂ ಒಂದೇ ಬದಿಗೆ ಬರಬೇಕೆಂದು ಎಂಜಿನ್ ಬಿಚ್ಚಿದ ಯಾರಿಗೂ ಗೊತ್ತು. ಕ್ಯಾಪು ಉಲ್ಟಾ ಕೂತಿತ್ತು. ಕೂರಿಸಿದವನು ಯಾರು? ಮೂರು ವಾರದ ಹಿಂದೆ ಇದೇ ಜಗಲಿಯಲ್ಲಿ, ಮುಂಬೈಯಲ್ಲಿರುವ ಭಾವನ ಜೊತೆ ಫೋನಿನಲ್ಲಿ ಹರಟುತ್ತ, "ಮೆಕ್ಯಾನಿಕ್ ಎಂತಕೆ ಭಾವ, ನಾನಿಲ್ಯಾ?" ಎಂದು ಕೊಚ್ಚಿಕೊಳ್ಳುತ್ತ, ತಾನೇ.

ನಾಚಿಕೆಯಿಂದ ಕಿವಿ ಸುಟ್ಟಂತಾಯಿತು. ಆದರೂ ಕೈ ಮಾಡಿದ್ದು ಕಳ್ಳನ ಕೆಲಸವನ್ನೇ. ಕ್ಯಾಪು ಸರಿಯಾಗಿ ತಿರುಗಿಸಿ, ಬೋಲ್ಟು ಬಿಗಿಯತೊಡಗಿದ. ನೋಡಿದವರು ಯಾರಿದ್ದಾರೆ?

"ಗುಡ್ಡಣ್ಣನೂ ಕಮಲಕ್ಕನೂ ಈಗ ಬಸ್ಸಿಗ್ ಹೋದ್ರ್," ಎನ್ನುತ್ತ ಹೆಂಡತಿ ಶ್ರೀಲತಾ ಚಾ ತಂದಿಟ್ಟಳು. "ಮಿಂದ್ಕಂಡ್, ಒದ್ದಿ ತಲಿಯಂಗೇ. ಆಣಿ ಹಾಕುಕೆ ಅಂಬ್ರ್. ಎಂತ ಸಿಕ್ಕಿತ್ ಇದ್ರೊಳ್ಗೆ?"

"ಎಂತ ಇಲ್ಲ."

ಅವಳು ಬೋಗುಣಿ ನೋಡಿದಳು. "ಅಯ್ಯೋ, ಇಷ್ಟ್ ಆಯಿಲ್ ಇತ್ತಲೆ! ತಪ್ಪಿಲ್ದವ್ನ ಹತ್ರ ಆಣಿ ಹಾಕ್ಸ್ರೆ, ಹಾಕ್ಸಿದವ್ನಿಗೇ ಸುತ್ಕಂತ್. ನೆನ್ಪಿರ್ಲಿ."

ಅಶೋಕನನ್ನು ಎಬ್ಬಿಸಿದ್ದು ದೇವರ ಭಯವಲ್ಲ. ಮಾಡದ ತಪ್ಪಿಗೆ ತಲೆಗೆ ನೀರು ಸುರಿದುಕೊಂಡು ಬಸ್ಸು ಹತ್ತಿದ ಗುಡ್ಡ ಕಣ್ಣಿಗೆ ಕಟ್ಟಿದ. ಬಿಗಿದ ಬೋಲ್ಟು ಮತ್ತೆ ಬಿಚ್ಚಿ, ಕ್ಯಾಪನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಬೈಕ್ ಹತ್ತಿದ. ಚಾ ಹಾಗೆಯೇ ಉಳಿಯಿತು.

ಹಟ್ಟಿಯಂಗಡಿ ದೇವಸ್ಥಾನದ ಬಾಗಿಲಿಗೆ ಬಂದವನ ಕಾಲು ಅಲ್ಲೇ ತಡೆಯಿತು. ಮಧ್ಯಾಹ್ನ ಬಂಗಡೆ ಸಾರಿನಲ್ಲಿ ಗಡದ್ದಾಗಿ ಉಂಡಿದ್ದ. ಮೀನು ತಿಂದ ಬಾಯಲ್ಲಿ ಒಳಗೆ ಹೋಗುವ ಹಾಗಿಲ್ಲ. ದೂರದಲ್ಲಿ ಗುಡ್ಡ ಕೈಮುಗಿದು ನಿಂತಿದ್ದ, ಪಕ್ಕದಲ್ಲಿ ಹೆಂಡತಿ ಕಮಲ. ಗುಟ್ಟಾಗಿ ಹೇಳುವ ದಾರಿಯೇ ಇರಲಿಲ್ಲ.

"ಹ್ವಾಯ್ ಗುಡ್ಡಾ! ಆಣಿ ಹಾಕ್ಬೇಡ ಮರಾಯಾ! ತಪ್ಪ್ ನಂದ್! ಕ್ಯಾಪ್ ಉಲ್ಟಾ ಹಾಕಿದ್ದ್ ನಾನೇ!"

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗುಡ್ಡ ತಿರುಗಲಿಲ್ಲ. ನಿಧಾನಕ್ಕೆ ಅಡ್ಡಬಿದ್ದು, ಪ್ರಸಾದ ತೆಗೆದುಕೊಂಡು ಹೊರಗೆ ಬಂದ. ಅಶೋಕ ಜೇಬಿನಿಂದ ಕ್ಯಾಪು ತೆಗೆದು ಮುಂದೆ ಹಿಡಿದ. ಗುಡ್ಡ ಅದನ್ನು ಮುಟ್ಟಲಿಲ್ಲ.

"ನೀ ಕೂಗುಕ್ ಮುಂಚೆಯೇ ಹೇಳಿ ಆಯ್ತ್," ಅಂದ. "ಆಯಿಲ್ ಹಾಕಿದ್ದೆ ಅಂದೆ. ಅಶೋಕ ಸಿಟ್ಟಂಗೆ ಹೇಳಿದ್ದ್, ಅವ್ನಿಗ್ ಎಂತದೂ ಆಪುದ್ ಬೇಡ ಅಂದೂ ಹೇಳ್ದೆ."

ಕಮಲ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗುಡ್ಡ ಎರಡು ಏಟು ಹಾಕಿದ್ದರೆ ಅಶೋಕ ತಡೆದುಕೊಳ್ಳುತ್ತಿದ್ದ. ಕ್ಯಾಪನ್ನು ಮತ್ತೆ ಜೇಬಿಗಿಳಿಸಿದ.

"ನಾಳೆ ದಡದಂಗೆ ಎಲ್ಲರೆದ್ರ್ ಹೇಳ್ತೆ ಗುಡ್ಡ. ಈಗ ಬೈಕಂಗ್ ಬಾ. ಮೂರೂ ಜನ ಹೋಪ."

"ಬ್ಯಾಡ. ಬಸ್ ಬತ್ತ್."

ಬಸ್ಸು ಬಂತು. ಗಂಡ ಹೆಂಡತಿ ಹತ್ತಿ ಕೂತರು. ಅಶೋಕ ಬೈಕ್ ಚಾಲೂ ಮಾಡಿ ಹಿಂದೆಯೇ ಹೊರಟ. ಹೆದ್ದಾರಿ ಸಿಗುವ ತಲ್ಲೂರಿನವರೆಗೆ ಜನ ಕೈ ಅಡ್ಡ ಮಾಡಿದಲ್ಲೆಲ್ಲ ಬಸ್ಸು ನಿಂತಿತು. ಮುಂದೆ ಹೋಗಲು ಬೇಕಾದಷ್ಟು ಜಾಗವಿದ್ದರೂ, ಬಸ್ಸು ನಿಂತಲ್ಲೆಲ್ಲ ಅವನೂ ಒಂದು ಕಾಲು ನೆಲಕ್ಕೂರಿ ನಿಂತ.